ಎಂಟು ಕಂತು

“ಕತ್ತು ವಾಲ್ತಾ ಐತೆ. ನೆಟ್ಟಗೆ ಹಿಡ್ಕೊಳಪ್ಪ,” ಎಂದು ಅಯ್ಯನವರು ಹೇಳಿದ್ದಕ್ಕೆ ಶರತ್ಚಂದ್ರ ಎರಡು ಅಂಗೈಗಳ ನಡುವೆ ಅಣ್ಣನ ತಲೆಯನ್ನು ಹಿಡಿದು ನೇರ ಮಾಡಿದ. ಹಿಂದಿನಿಂದ ಯಾರೋ ಬಿಳಿ ಬಟ್ಟೆಯ ಪಟ್ಟಿಯನ್ನು ಹಣೆಯ ಮೇಲೆ ಹಾಯಿಸಿ ಒರಗುಹಲಗೆಗೆ ಬಿಗಿದರು. ಕೂರಿಸಿ ಮಣ್ಣು ಮಾಡುವ ಜನ ಇವರು. ಮೈ ಸೆಟೆದುಕೊಳ್ಳುವ ಮೊದಲೇ ಚಕ್ಕಳಮಕ್ಕಳ ಹಾಕಿಸಿ ಆಗಿತ್ತು. ಇನ್ನು ಹಣೆಗೆ ವಿಭೂತಿ, ಎಡ ಅಂಗೈಗೆ ಲಿಂಗ, ಕೊರಳಿಗೆ ಹಾರ. ತಲೆಯೊಂದು ನೆಟ್ಟಗೆ ನಿಂತುಬಿಟ್ಟರೆ ಉಳಿದದ್ದೆಲ್ಲ ಸಲೀಸು.

ಇಂದುಧರನ ತಲೆ ಬದುಕಿದ್ದಾಗಲೂ ಕೊಂಚ ಎಡಕ್ಕೇ ವಾಲಿರುತ್ತಿತ್ತು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ, ಬಲಗೈಯಲ್ಲಿ ಬರೆಯುತ್ತಾ ಎಡ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಬಂದ ವಾಲು ಅದು. ನಿನ್ನೆ ಮಧ್ಯಾಹ್ನ ಅದೇ ಮಂಡಿಯಲ್ಲಿ, ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಾಗ, ಕೂತಲ್ಲೇ ಪಕ್ಕಕ್ಕೆ ಕುಸಿದ. ಹಾಸನದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರವತ್ತೆರಡು ವಯಸ್ಸು.

ಈಗ ಆ ತಲೆ ತಮ್ಮನ ಅಂಗೈಗಳಲ್ಲಿತ್ತು. ಶರತ್ಚಂದ್ರನಿಗೆ ಅಳು ಬರಬೇಕಿತ್ತು, ಬರಲಿಲ್ಲ. ಬಂದದ್ದು ನಾಚಿಕೆ. ಹದಿಮೂರು ವರ್ಷದಿಂದ ಅಣ್ಣನ ತಲೆ ತಗ್ಗಿಸಿದ್ದು ಯಾರು ಎಂಬುದು ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬ ಇನ್ನು ಮಾತಾಡುವ ಹಾಗಿರಲಿಲ್ಲ.

ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯ ಆ ಎರಡು ಕೋಣೆಯ ಮನೆಗೆ ಬೆಳಿಗ್ಗೆಯಿಂದ ಜನ ಬರುತ್ತಲೇ ಇದ್ದರು. ಬಂದವರು ಹೂ ಹಾಕಿ, ಮೂಲೆಯಲ್ಲಿ ಕೂತಿದ್ದ ಅತ್ತಿಗೆ ಶಾಂತಾದೇವಿಯ ಕೈ ಹಿಡಿದು, ಇಂದುಧರನ ಗುಣಗಾನ ಮಾಡುತ್ತಿದ್ದರು. ಸಿಟ್ಟೇ ಗೊತ್ತಿಲ್ಲದ ಮನುಷ್ಯ, ಇನ್ನೊಬ್ಬರ ಒಂದು ಪೈಸೆ ಮುಟ್ಟಿದವನಲ್ಲ. ಇಲ್ಲಿಯವರೆಗೆ ಸರಿಯಾಗಿಯೇ ಇರುತ್ತಿತ್ತು. ಆಮೇಲೆ ಪ್ರತಿಯೊಬ್ಬರೂ ದನಿ ಇಳಿಸಿ, “ಅದೊಂದು ಬಿಟ್ರೆ,” ಎನ್ನುತ್ತಿದ್ದರು. ಶಾಂತಾದೇವಿಯೂ ತಲೆಯಾಡಿಸಿ, “ಹೂಂ, ಅದೊಂದ್ಸಲ ಆಸೆಗೆ ಬಿದ್ರು. ಅದೊಂದು ಬಿಟ್ರೆ ಚಿನ್ನ,” ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಗೋಡೆಗೊರಗಿ ನಿಂತಿದ್ದ ಶರತ್ಚಂದ್ರ ಎಣಿಸಬಾರದು ಅಂದುಕೊಂಡೇ ಎಣಿಸಿದ. ಹತ್ತು ಗಂಟೆಯೊಳಗೆ ಹದಿನಾಲ್ಕು ಸಲ ಆಗಿತ್ತು.

ಮಂಡಿಯ ಮಾಲೀಕ ಮರುಳಪ್ಪನವರು ಬಂದವರೇ ಹೆಣದ ಮುಂದೆ ಕೈಮುಗಿದು, ಹೊರಗೆ ಜಗುಲಿಯ ಮೇಲೆ ಶರತ್ಚಂದ್ರನ ಪಕ್ಕ ಕೂತರು. ದೊಡ್ಡ ದೇಹ, ದೊಡ್ಡ ದನಿ. ಇವತ್ತು ಆ ದನಿಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು.

“ನಿಮ್ಮಣ್ಣ ಹೋದ ತಿಂಗಳು ನನ್ ಕೈಲಿ ಒಂದು ಮಾತು ತಗೊಂಡವ್ನೆ ಕಣಪ್ಪ,” ಎಂದರು. “ನಾನು ತಮಾಸೆ ಅನ್ಕಂಡಿದ್ದೆ.”

ಮರುಳಪ್ಪನವರ ಮಂಡಿಯಲ್ಲಿ ಒಂದು ಪದ್ಧತಿ ಇತ್ತು. ಟೆಂಡರಿನ ದಿನ ಸಂಜೆ ಬೆಳೆಗಾರರಿಗೆಲ್ಲ ದುಡ್ಡು ಕೊಟ್ಟು ಮುಗಿದ ಮೇಲೆ ಇಂದುಧರ ಪುಸ್ತಕ ಹಿಡಿದುಕೊಂಡು ಬಾಗಿಲಿಗೆ ಬಂದು, ಯಾರ್ಡಿಗೆಲ್ಲ ಕೇಳುವ ಹಾಗೆ ಮೂರು ಸಲ ಕೂಗುತ್ತಿದ್ದ: ನಮ್ಮಿಂದ ಬರೋದು ಬಾಕಿ ಐತೇನ್ರಪ್ಪಾ ಯಾರಿಗಾದ್ರೂ? ಇದ್ರೆ ಈಗ್ಲೇ ಹೇಳಿ. ಗಾಡಿಯ ಹತ್ತಿರ ನಿಂತವನು, ಟೀ ಕುಡಿಯಲು ಹೋದವನು, ಯಾರಿದ್ದರೂ ಬರಬೇಕು. ಮೂರನೇ ಕೂಗಿಗೂ ಯಾರೂ ಬಾರದಿದ್ದರೆ, ಪುಸ್ತಕ ಮುಚ್ಚಿದೆ ಎಂದು ಹೇಳಿ ಮುಚ್ಚಿಬಿಡುತ್ತಿದ್ದ. ಆಮೇಲೆ ತೂಕದಲ್ಲಿ ಎರಡು ಕಿಲೋ ಬಿಟ್ಟುಹೋಗಿದೆ ಅಂತ ಯಾರು ಬಂದು ಅತ್ತರೂ ಇಂದುಧರ ಆ ದಿನದ ಹಾಳೆ ತೆರೆಯುತ್ತಿರಲಿಲ್ಲ.

“ಗುಣಿಗೆ ಇಳ್ಸಿದ್ ಮೇಲೆ, ಮಣ್ಣು ಹಾಕೋಕ್ ಮುಂಚೆ, ಹಂಗೇ ಮೂರ್ ಸಲ ಕೂಗ್ಬುಡಿ ಅಂದಿದ್ದ. ನನ್ ಹೆಸ್ರಲ್ಲಿ ಯಾರ್ಗಾದ್ರೂ ಕೊಡೋದು ಉಳ್ದಿದ್ರೆ ಮಗಳು ಕೊಡ್ತಾಳೆ ಅಂದ.” ಮರುಳಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು. “ಅದೊಂದು ಮಾಡ್ಕೊಂಡು ಸಾಯೋಗಂಟ ಕೊರಗ್ದ ಕಣಪ್ಪ. ಯಾಕ್ ಬೇಕಿತ್ತು ಸಂಬಳದ ಮನುಷ್ಯನ್ಗೆ ಯಾಪಾರ?”

ಶರತ್ಚಂದ್ರ ಒಳಗಿನ ಜನರ ಕಡೆ ನೋಡಿದ. ಅಣ್ಣ ಹೆದರಿಸಲು ಹೀಗೆ ಮಾಡಿದವನಲ್ಲ. ಅವನ ಮನಸ್ಸಿನಲ್ಲಿ ತಮ್ಮ ಇದ್ದಿರಲಿಕ್ಕೂ ಇಲ್ಲ. ಆದರೆ ಊರು, ಅತ್ತಿಗೆ, ಮಗಳು ಹೇಮಾಶ್ರೀ, ಗಂಡಸಿಯಿಂದ ಬಂದಿರುವ ತನ್ನ ಹೆಂಡತಿಯ ಕಡೆಯವರು, ಎಲ್ಲರೂ ನಿಂತಿರುವಾಗ ಆ ಕೂಗು ಏಳುತ್ತದೆ. ಮೂರನೆಯದೂ ಮುಗಿದುಹೋದರೆ ಆ ಸಾಲ ಅಣ್ಣನ ಹೆಸರಿನಲ್ಲೇ ಮಣ್ಣಿಗೆ ಹೋಗುತ್ತದೆ. ಆಮೇಲೆ ಹೇಳಿದರೂ ಹೇಳದಿದ್ದರೂ ಒಂದೇ.

*

ಎರಡು ಸಾವಿರದ ಹನ್ನೆರಡರಲ್ಲಿ ಶರತ್ಚಂದ್ರನಿಗೆ ಇಪ್ಪತ್ತೆಂಟು. ಮೈಯಲ್ಲಿ ಹುರುಪು, ಬಾಯಲ್ಲಿ ಲಕ್ಷದ ಲೆಕ್ಕ. ಕೊಬ್ಬರಿ ರೇಟು ಏರುತ್ತಿದ್ದ ಕಾಲ. ತಿಪಟೂರಿನ ಇಬ್ಬರಿಂದ ದುಡ್ಡು ತಂದು ಕೊಬ್ಬರಿ ಹಿಡಿದ. ಅವನು ಹಿಡಿಯುವುದನ್ನೇ ಕಾಯುತ್ತಿದ್ದ ಹಾಗೆ ರೇಟು ಬಿತ್ತು. ಎರಡು ಲಕ್ಷ ನೀರಿಗೆ ಹೋಯಿತು. ಅದೇ ಹೊತ್ತಿಗೆ ಗಂಡಸಿಯ ತೋಟದವರ ಮಗಳು ಉಷಾರಾಣಿಯ ಜೊತೆ ಮದುವೆ ಗೊತ್ತಾಗಿತ್ತು. ಹುಡುಗನಿಗೆ ಸಾಲಸೋಲ ಇಲ್ಲ ತಾನೆ ಎಂದು ಅವರು ಎರಡು ಸಲ ಕೇಳಿದ್ದರು.

ಇಂದುಧರ ಒಂದು ರಾತ್ರಿ ಯೋಚಿಸಿ, ಒಂದು ಫೈನಾನ್ಸ್ ಕಂಪನಿಯಲ್ಲಿ ತನ್ನ ಹೆಸರಿಗೆ ಸಾಲ ಎತ್ತಿ ದುಡ್ಡನ್ನು ತಮ್ಮನ ಕೈಗಿಟ್ಟ. ತಿಂಗಳಿಗೆ ಎಂಟು ಸಾವಿರದ ಇನ್ನೂರು ಕಂತು. ಪ್ರತಿ ತಿಂಗಳೂ ಐದನೇ ತಾರೀಕು ಕಟ್ಟಬೇಕು, ನಾಲ್ಕಕ್ಕೇ ತಂದುಕೊಡು, ಯಾರಿಗೂ ಗೊತ್ತಾಗುವುದು ಬೇಡ ಎಂದ. ತನ್ನ ಹೆಂಡತಿಗೂ ಹೇಳಲಿಲ್ಲ.

ಶರತ್ಚಂದ್ರ ಎಂಟು ತಿಂಗಳು ಕೊಟ್ಟ. ಒಂಬತ್ತನೆಯ ತಿಂಗಳು ಹಾಸನ ರಸ್ತೆಯಲ್ಲಿ ಪೈಪು ಮೋಟಾರು ಅಂಗಡಿಗೆ ಒಳ್ಳೆ ಮಳಿಗೆ ಸಿಕ್ಕಿತು, ಅಡ್ವಾನ್ಸ್ ಕೊಡಬೇಕಾಗಿ ಬಂತು. ಮುಂದಿನ ತಿಂಗಳು ಎರಡೂ ಸೇರಿಸಿ ಕೊಡ್ತೀನಣ್ಣ ಎಂದ. ಆ ಮುಂದಿನ ತಿಂಗಳು ಇವತ್ತಿನವರೆಗೂ ಬಂದಿಲ್ಲ. ಒಂಬತ್ತು ಸಾವಿರ ಸಂಬಳದ ಇಂದುಧರ ಎಂಟು ಸಾವಿರದ ಕಂತನ್ನು ಎಲ್ಲಿಂದ ಕಟ್ಟಿಯಾನು?

ಒಂದು ಭಾನುವಾರ ಫೈನಾನ್ಸಿನವರು ಇಬ್ಬರು ಬೈಕಿನಲ್ಲಿ ಬಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ಶರತ್ಚಂದ್ರ, ಉಷಾರಾಣಿ ಇಬ್ಬರೂ ಅಣ್ಣನ ಮನೆಗೆ ಊಟಕ್ಕೆ ಬಂದಿದ್ದ ದಿನ. ಇಂದುಧರ ಎಂಜಲು ಕೈಯಲ್ಲೇ ಎದ್ದುಹೋಗಿ ಅವರನ್ನು ಸಮಾಧಾನ ಮಾಡಿ ಕಳಿಸಿ, ಒಳಗೆ ಬಂದು ಹೆಂಡತಿಯ ಮುಖ ನೋಡದೆ ಹೇಳಿದ: “ಕೊಬ್ಬರಿ ಮೇಲೆ ಹಾಕಿದ್ದೆ. ಹೋಯ್ತು.”

ಶಾಂತಾದೇವಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹದಿನಾಲ್ಕು ವರ್ಷದ ಹೇಮಾಶ್ರೀ ಅಪ್ಪನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. ಶರತ್ಚಂದ್ರ ತಲೆ ಎತ್ತಲಿಲ್ಲ. ಏನಾದರೂ ಮಾಡಬೇಕಿತ್ತಲ್ಲ, ಅತ್ತಿಗೆಯ ಮುಂದೆ ತಟ್ಟೆ ಹಿಡಿದು ಇನ್ನೊಂದು ಸೌಟು ಸಾರು ಬಡಿಸಿಕೊಂಡ. ಅದನ್ನು ಪೂರ್ತಿ ಉಂಡ ಕೂಡ.

ಕೊನೆಗೆ ಉಪಾಯ ಹೇಳಿದವನೂ ಅವನೇ. ಉಳಿದ ಸಾಲದಲ್ಲಿ ಅರ್ಧ ಒಂದೇ ಸಲ ಕಟ್ಟಿದರೆ ಇನ್ನರ್ಧ ಬಿಡುತ್ತಾರಂತೆ, ಕಟ್ಟಿ ಕೈ ತೊಳೆದುಕೊಂಡುಬಿಡು ಎಂದ. ಮಂಡಿಯಲ್ಲಿ ನಡೆಯುವುದೂ ಹಾಗೇ ಅಲ್ಲವೆ? ಮೂಟೆಯಲ್ಲಿ ಕೊಳೆತ ಕೊಬ್ಬರಿ ಸಿಕ್ಕರೆ ಇಷ್ಟು ಬಿಡು ಅಷ್ಟು ಬಿಡು ಎಂದು ಚೌಕಾಸಿ ಮಾಡಿ, ಕಾಫಿ ಕುಡಿದು, ಎರಡೂ ಕಡೆಯವರು ಮರೆತುಬಿಡುತ್ತಾರೆ. ಫೈನಾನ್ಸಿನ ಕಂಪ್ಯೂಟರೂ ಹಾಗೇ ಮರೆಯುತ್ತದೆ ಎಂದು ಅಣ್ಣತಮ್ಮಂದಿರಿಬ್ಬರೂ ಅಂದುಕೊಂಡರು. ಶಾಂತಾದೇವಿಯ ಅವಲಕ್ಕಿ ಸರ ಮಾರಿ ಅರ್ಧ ಕಟ್ಟಿದ್ದಾಯಿತು.

*

ಹನ್ನೊಂದು ಗಂಟೆಗೆ ಬ್ಯಾಂಕಿನ ವೇದವಲ್ಲಿ ಮೇಡಂ ಬಂದರು. ಸಾಲದ ವಿಭಾಗದಲ್ಲಿದ್ದು, ಹೋದ ವರ್ಷವಷ್ಟೇ ನಿವೃತ್ತರಾದವರು. ಸತ್ತವನ ಮುಂದೆ ಎರಡು ನಿಮಿಷ ನಿಂತು ಹೊರಗೆ ಬಂದು, ತಮ್ಮ ಅಂದರೆ ನೀವೇ ಅಲ್ಲವೆ ಎಂದು ಶರತ್ಚಂದ್ರನನ್ನು ಕೇಳಿದರು.

“ನನ್ನ ಸರ್ವೀಸಲ್ಲಿ ನಿಮ್ಮಣ್ಣನಂಥೋರನ್ನ ಇನ್ನೊಬ್ರನ್ನ ನೋಡ್ಲಿಲ್ಲ,” ಎಂದರು. “ಬಿಟ್ಟ ದುಡ್ಡನ್ನೂ ಹುಡುಕ್ಕೊಂಡು ಹೋಗಿ ಕಟ್ಟಿದ್ರು.”

ಯಾವ ದುಡ್ಡು ಎಂದು ಶರತ್ಚಂದ್ರನಿಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಹೇಮಾಶ್ರೀಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕ ವರ್ಷ ಇಂದುಧರ ಓದಿನ ಸಾಲಕ್ಕೆ ಅರ್ಜಿ ಹಾಕಿದ್ದ. ಅಪ್ಪನ ಸಾಲದ ನಡತೆಗೆ ಕೊಡುವ ಸಿಬಿಲ್ ಸ್ಕೋರು ಬರೀ ಐನೂರ ನಲವತ್ತೆಂಟು ಎಂದು ಅರ್ಜಿ ವಾಪಸು ಬಂತು. ಅರ್ಧ ಕಟ್ಟಿ ಮುಗಿಸಿದ ಸಾಲ, ಮುಗಿದ ಸಾಲ ಅಲ್ಲವಂತೆ. ಬಾಕಿ ಬಿಡಿಸಿಕೊಂಡವನು ಎಂದು ದಾಖಲೆಯಲ್ಲಿ ಕೂತಿರುತ್ತದಂತೆ. ಸರಿ ಮಾಡಿಕೊಳ್ಳುವುದು ಹೇಗೆ ಎಂದು ಅವನು ಇವರ ಮೇಜಿನ ಮುಂದೆ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡ. ಮೂರು ವರ್ಷ ದುಡ್ಡು ಕೂಡಿಟ್ಟು, ಫೈನಾನ್ಸಿನವರು ಬಿಟ್ಟಿದ್ದ ಇನ್ನರ್ಧವನ್ನು ಹಾಸನಕ್ಕೆ ಒಯ್ದ. ಕೇಳದೆ ಬಂದ ದುಡ್ಡನ್ನು ಹೇಗೆ ತೆಗೆದುಕೊಳ್ಳುವುದೆಂದು ಗೊತ್ತಾಗದೆ ಅವರು ಎರಡು ಸಲ ವಾಪಸು ಕಳಿಸಿದರು. ಮೂರನೆಯ ಸಲ ಕಟ್ಟಿಸಿಕೊಂಡು, ಬಾಕಿ ಇಲ್ಲ ಎಂದು ಪತ್ರ ಕೊಟ್ಟರು.

“ಆಮೇಲೆ ಸಣ್ಣಸಣ್ಣ ಸಾಲ ಮಾಡಿ ತಾರೀಕಿಗೆ ಸರಿಯಾಗಿ ಕಟ್ಟಿ ಅಂದಿದ್ದೆ. ನಾನು ಹೇಳಿದ್ದು ಒಂದೆರಡು. ಅವ್ರು ನಿಲ್ಲಿಸ್ಲೇ ಇಲ್ಲ.” ವೇದವಲ್ಲಿ ಒಳಗೆ ಕೈ ತೋರಿದರು. “ಹೋದ್ಸಲ ನೋಡಿದಾಗ ಸ್ಕೋರು ಏಳುನೂರ ಎಪ್ಪತ್ತನಾಲ್ಕು.”

ನಡುಮನೆಯ ಅಟ್ಟಣಿಗೆಯ ಮೇಲೆ ಎರಡು ಮಿಕ್ಸಿ, ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಕರೆಂಟು ಒಲೆ, ಮೂರು ಫ್ಯಾನು ಡಬ್ಬದಿಂದ ಆಚೆಗೇ ಬಾರದೆ ಕೂತಿದ್ದವು. ಕೈಯಲ್ಲಿ ದುಡ್ಡಿದ್ದರೂ ಕಂತಿನಲ್ಲಿ ಕೊಂಡವು. ಮುದುಕನಿಗೆ ಮಿಕ್ಸಿ ಹುಚ್ಚು ಎಂದು ಬೀದಿಯವರು ನಗುತ್ತಿದ್ದರು. ಶರತ್ಚಂದ್ರನೂ ಒಂದು ಮದುವೆ ಮನೆಯಲ್ಲಿ ಈ ವಿಷಯ ಹೇಳಿ ನಾಲ್ಕು ಜನರನ್ನು ನಗಿಸಿದ್ದ. ಅದು ಈಗ ನೆನಪಾಗಿ ಮೈ ಮುದುಡಿಕೊಂಡ.

ಹೇಮಾಶ್ರೀ ಆ ವರ್ಷ ಮೈಸೂರಿಗೆ ಹೋಗಲಿಲ್ಲ. ಆಮೇಲೆ ಹಾಸನಕ್ಕೆ ದಿನಾ ಓಡಾಡಿ ಲ್ಯಾಬ್ ಡಿಪ್ಲೊಮಾ ಮಾಡಿ, ಇನ್ನೊಬ್ಬರ ಲ್ಯಾಬಿನಲ್ಲಿ ಆರು ವರ್ಷ ರಕ್ತ ತೆಗೆದಳು. ಮೂರು ತಿಂಗಳ ಹಿಂದೆ, ಅಪ್ಪನೂ ಜೊತೆಗೆ ಸಹಿ ಹಾಕಿದ ಬ್ಯಾಂಕ್ ಸಾಲದಿಂದ, ಬಿ.ಎಚ್. ರಸ್ತೆಯಲ್ಲಿ ತನ್ನದೇ ಲ್ಯಾಬು ತೆರೆದಿದ್ದಳು. ಸಾಲ ಮಂಜೂರಾಗುವ ಐದು ತಿಂಗಳು ಮೊದಲೇ ಇಂದುಧರ ಲ್ಯಾಬಿಗೆಂದು ಕಂತಿನಲ್ಲಿ ಫ್ರಿಜ್ಜು ತಂದಿದ್ದ. ಅಷ್ಟು ದಿನ ಆ ಫ್ರಿಜ್ಜು ನಡುಮನೆಯಲ್ಲಿ, ಇವತ್ತು ಅವನನ್ನು ಕೂರಿಸಿದ ಜಾಗದಲ್ಲೇ, ಪ್ಲಾಸ್ಟಿಕ್ ಹೊದ್ದು ನಿಂತಿತ್ತು.

*

ಅರ್ಜಿ ವಾಪಸು ಬಂದ ಆ ವಾರ ಇಂದುಧರ ತಮ್ಮನ ಅಂಗಡಿಗೆ ಬಂದಿದ್ದ. ಗಲ್ಲಾದಲ್ಲಿ ಉಷಾರಾಣಿ ಕೂತಿದ್ದಳು. ಕಾಫಿಗೆ ಹೋಗೋಣ ಬಾ ಎಂದು ಶರತ್ಚಂದ್ರನನ್ನು ಹೊರಗೆ ಕರೆದುಕೊಂಡು ಹೋದ. ಹೋಟೆಲಿನ ಮೂಲೆಯಲ್ಲಿ ಅಂಗಿಯ ಜೇಬಿನಿಂದ ಸಿಬಿಲಿನ ಒಂದು ಪ್ರಿಂಟು ತೆಗೆದು ಲೋಟದ ಪಕ್ಕ ಹರಡಿದ. ಸಾಲಾಗಿ ಚಿಕ್ಕ ಚಿಕ್ಕ ಮನೆಗಳು, ಒಂದೊಂದರಲ್ಲೂ ಒಂದು ಅಂಕಿ.

“ಇಲ್ನೋಡು. ಎಂಟು ಮನೆ ಸೊನ್ನೆ ಐತೆ. ಒಂದಿನಾನೂ ತಡ ಆಗಿಲ್ಲ ಅಂತ. ಇವು ನೀನ್ ಕಟ್ಟಿದ್ದು ಕಣೋ.” ಅದನ್ನು ಹೇಳುವಾಗ ಅವನ ದನಿಯಲ್ಲಿ ಮೆಚ್ಚುಗೆಯೇ ಇತ್ತು. ಆಮೇಲೆ ಬೆರಳು ಒಂಬತ್ತನೆಯ ಮನೆಗೆ ಸರಿಯಿತು. ಮೂವತ್ತು. ಅರವತ್ತು. ತೊಂಬತ್ತು. ಅಲ್ಲಿಂದ ಮುಂದಕ್ಕೆ ಅವನು ಓದಲಿಲ್ಲ.

ಅಣ್ಣ ದುಡ್ಡು ಕೇಳುತ್ತಾನೆ ಎಂದು ಶರತ್ಚಂದ್ರ ಉತ್ತರ ಸಿದ್ಧ ಮಾಡಿಕೊಂಡಿದ್ದ. ಅಂಗಡಿಯ ಸ್ಟಾಕು, ಮಗುವಿನ ಸ್ಕೂಲ್ ಫೀಸು. ಇಂದುಧರ ದುಡ್ಡು ಕೇಳಲಿಲ್ಲ.

“ಹೇಮಿಗೊಬ್ಳಿಗೆ ಹೇಳ್ಬಿಡ್ಲೇನೋ? ಅವ್ಳು ನನ್ ಜೊತೆ ಮಾತು ಬಿಟ್ಟವ್ಳೆ.”

ಅಷ್ಟೇ ಕೇಳಿದ್ದು. ಹೇಳಿಬಿಡು ಎನ್ನಲು ಶರತ್ಚಂದ್ರನಿಗೆ ಒಂದು ಉಸಿರು ಸಾಕಿತ್ತು. ಅವನು ಕಾಫಿ ಲೋಟ ತಿರುಗಿಸುತ್ತಾ, ಹುಡುಗಿಯ ಬಾಯಿ, ಉಷಾಗೆ ಗೊತ್ತಾದರೆ ಗಂಡಸಿಯವರ ಕಿವಿಗೂ ಹೋಗುತ್ತದೆ, ಸ್ವಲ್ಪ ದಿನ ತಡಿ, ನಾನೇ ಕೂರಿಸಿಕೊಂಡು ಹೇಳ್ತೀನಣ್ಣ ಎಂದ. ಇಂದುಧರ ಆಯ್ತು ಎಂದು ಪ್ರಿಂಟನ್ನು ಮಡಚಿದ. ಕಾಫಿಯ ದುಡ್ಡನ್ನೂ ಅವನೇ ಕೊಟ್ಟ.

ಹೇಮಾಶ್ರೀ ಅಪ್ಪನ ಜೊತೆ ಎರಡು ವರ್ಷ ಮಾತಾಡಲಿಲ್ಲ.

*

ಹೂವಿನ ವಿಮಾನದಲ್ಲಿ ಕೂತ ಇಂದುಧರನನ್ನು ಟೆಂಪೋದ ಮೇಲೇರಿಸಿಕೊಂಡು ಹಾರನಹಳ್ಳಿ ಮುಟ್ಟುವಾಗ ಮೂರು ಗಂಟೆ. ಹಿರಿಯರ ಕಾಲದ ಇಪ್ಪತ್ತು ತೆಂಗಿನ ಮರದ ತುಂಡು ಜಮೀನು, ಅಪ್ಪ ಅವ್ವ ಇಬ್ಬರ ಗದ್ದಿಗೆಯೂ ಅಲ್ಲೇ. ಪಕ್ಕದಲ್ಲಿ ಹೊಸ ಗುಣಿ ತೋಡಿದ್ದರು. ಅಯ್ಯನವರು ಮಂತ್ರ ಹೇಳಿ, ತಲೆಯ ಮೇಲೆ ಪಾದವಿಟ್ಟು, ಒಳಗಿನ ಗೂಡಿನಲ್ಲಿ ಅವನನ್ನು ಕೂರಿಸಿದರು. ಒಬ್ಬಳೇ ಮಗಳಾದ ಹೇಮಾಶ್ರೀಯೇ ಎಲ್ಲ ಕಾರ್ಯ ಮಾಡುತ್ತಿದ್ದಳು. ಅಳದೆ, ಹೇಳಿದ್ದನ್ನು ಹೇಳಿದ ಹಾಗೆ, ಲ್ಯಾಬಿನಲ್ಲಿ ಕೆಲಸ ಮಾಡುವವಳ ಅಚ್ಚುಕಟ್ಟಿನಲ್ಲಿ.

ವಿಭೂತಿ ಗಟ್ಟಿಗಳನ್ನು ಜೋಡಿಸಿದ್ದಾಯಿತು. ಮರುಳಪ್ಪನವರು ಗುಣಿಯ ಅಂಚಿಗೆ ಬಂದು, ಇಂದುಧರನ ಆಸೆ ಏನಿತ್ತೆಂದು ಎಲ್ಲರಿಗೂ ತಿಳಿಸಿ, ಟವೆಲನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಂಡರು. ಆಮೇಲೆ ಮೂವತ್ತೊಂದು ವರ್ಷ ಕೇಳಿಸಿಕೊಂಡಿದ್ದನ್ನು ಮೊದಲ ಸಲ ತಾವೇ ಕೂಗಿದರು.

“ಇಂದುಧರನಿಂದ ಬರೋದು ಬಾಕಿ ಐತೇನ್ರಪ್ಪಾ ಯಾರಿಗಾದ್ರೂ? ಇದ್ರೆ ಈಗ್ಲೇ ಹೇಳಿ.”

ಯಾರೂ ಮುಂದೆ ಬರಲಿಲ್ಲ. ತೆಂಗಿನ ಗರಿಗಳು ಅಲ್ಲಾಡಿದವು. ಶರತ್ಚಂದ್ರ ತನ್ನ ಕಾಲಿನ ಬೆರಳುಗಳನ್ನು ನೋಡುತ್ತಾ ನಿಂತಿದ್ದ. ಇದು ಕೊಡಬೇಕಾದವನನ್ನು ಕರೆಯುವ ಕೂಗಲ್ಲ, ದುಡ್ಡು ಬರಬೇಕಾದವನನ್ನು ಕರೆಯುವ ಕೂಗು. ನನಗೆ ಸಂಬಂಧವಿಲ್ಲ ಎಂದು ಒಂದು ಕ್ಷಣ ಅಂದುಕೊಂಡ. ಹದಿಮೂರು ವರ್ಷ ಇಂಥ ಯೋಚನೆಗಳೇ ಅವನನ್ನು ಕಾಪಾಡಿದ್ದವು.

ಎರಡನೆಯ ಕೂಗೂ ಆಯಿತು. ಹಿಂದಿನಿಂದ ಒಬ್ಬ ಮುದುಕ, “ಟೀ ಕಾಸೂ ಉಳಿಸ್ಕೊಂಡೋನಲ್ಲ ಬುಡಿ,” ಎಂದ. ಪಕ್ಕದವನು ಮೆಲ್ಲಗೆ, “ಅದೊಂದು ಬಿಟ್ರೆ,” ಎಂದ.

ಗುಣಿಯೊಳಗೆ ಅಣ್ಣನ ತಲೆ ನೆಟ್ಟಗೆ ನಿಂತಿತ್ತು, ಬೆಳಿಗ್ಗೆ ಇವನೇ ಹಿಡಿದು ನಿಲ್ಲಿಸಿದ ಹಾಗೆ. ಮರುಳಪ್ಪನವರು ಮೂರನೆಯ ಸಲಕ್ಕೆ ಉಸಿರೆಳೆದುಕೊಂಡರು, ಕೂಗಿದರು. ಆ ಕೂಗು ಮುಗಿಯುವ ಮೊದಲೇ ಶರತ್ಚಂದ್ರನ ಬಾಯಿಂದ ಮಾತು ಹೊರಬಿತ್ತು.

“ಅದು ಅಣ್ಣಂದಲ್ಲ. ಆ ಫೈನಾನ್ಸ್ ಸಾಲ ನಂದು. ಕೊಬ್ಬರೀಲಿ ಕಳ್ಕೊಂಡೋನು ನಾನು, ಕಟ್ಟೋದು ನಿಲ್ಸಿದೋನೂ ನಾನು. ಅಣ್ಣ ಬರೀ ಹೆಸ್ರು ಕೊಟ್ಟಿದ್ದ.”

ಗುಣಿಯ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮರುಳಪ್ಪನವರು ಅವನನ್ನು ಎದೆಗೆ ಅವಚಿಕೊಂಡುಬಿಟ್ಟರು. “ಸಾಕು ಕಣಪ್ಪ, ಸಾಕು. ಸತ್ತೋನ್ ಮೇಲಿನ ಕೆಟ್ಟೆಸ್ರುನ ನಿನ್ ತಲೆ ಮೇಲೆ ಹಾಕ್ಕಂತೀಯಲ್ಲ,” ಎಂದು ಬೆನ್ನು ಸವರಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇಂಥ ತಮ್ಮ ಯಾರಿಗಿದ್ದಾನೆ ಎಂದು ಯಾರೋ ಅಂದರು. ಗಂಡಸಿಯ ಭಾವಮೈದುನ ಮುಂದೆ ಬಂದು ಕೈ ಹಿಡಿದು ಅದುಮಿದ. ಉಷಾರಾಣಿ ಅಳುತ್ತಲೇ, “ನಮ್ಮೋರ್ ಮುಂದೆ ಇಷ್ಟೊಂದು ದೊಡ್ಡೋರಾಗ್ಬೇಕಿತ್ತಾ ನೀವು,” ಎಂದಳು. ಆ ಆಕ್ಷೇಪಣೆಯೊಳಗೆ ಹೆಮ್ಮೆಯೂ ಇತ್ತು.

ಸುಳ್ಳನ್ನು ಹದಿಮೂರು ವರ್ಷ ನಂಬಿದ ಊರು, ನಿಜ ಹೇಳಿದ ದಿನ ನಂಬಲಿಲ್ಲ. ಶರತ್ಚಂದ್ರ ಅವರ ತೋಳುಗಳ ನಡುವೆ ಸಿಕ್ಕಿಬಿದ್ದು, ನಿಜ ಕಣ್ರೀ, ನಿಜ ಎಂದು ಎರಡು ಸಲ ಹೇಳಿ ನೋಡಿದ. ಹೇಳಿದಷ್ಟೂ ಅವನು ದೊಡ್ಡವನಾಗುತ್ತಾ ಹೋದ. ಬಯ್ಯಿಸಿಕೊಳ್ಳಲು ಬಾಯಿ ಬಿಟ್ಟವನಿಗೆ ಹೊಗಳಿಕೆ ಸಿಕ್ಕಿತ್ತು. ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಎಂದು ಅವನಿಗೆ ಅನ್ನಿಸಿತು.

ಗುಣಿಯ ಆಚೆ ಬದಿಯಲ್ಲಿ ಹೇಮಾಶ್ರೀ ಬಿಲ್ವಪತ್ರೆಯ ತಟ್ಟೆ ಹಿಡಿದು ನಿಂತಿದ್ದಳು. ಅವಳು ಅತ್ತಿರಲಿಲ್ಲ, ತಲೆದೂಗಿರಲೂ ಇಲ್ಲ.

“ಎಷ್ಟು ಕಂತು ಕಟ್ಟಿದ್ರಿ ಚಿಕ್ಕಪ್ಪ?” ಎಂದು ಕೇಳಿದಳು.

“ಎಂಟು.”

“ಒಂಬತ್ತನೇದು?”

“ಅಂಗ್ಡಿಗೆ ಅಡ್ವಾನ್ಸ್ ಕೊಟ್ಟೆ.”

ಜನಕ್ಕೆ ಈ ಲೆಕ್ಕ ಅರ್ಥವಾಗಲಿಲ್ಲ. ದುಃಖದಲ್ಲಿ ಏನೇನೋ ಮಾತು ಎಂದು ಸುಮ್ಮನಾದರು. ಹೇಮಾಶ್ರೀ ಬಹಳ ಹೊತ್ತು ಚಿಕ್ಕಪ್ಪನ ಮುಖವನ್ನೇ ನೋಡಿದಳು. ಆಮೇಲೆ ತಗ್ಗಿ ಅಪ್ಪನನ್ನು ನೋಡಿದಳು. ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿ, ಒಳಗೆ ಕೂತವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ, “ಅಪ್ಪಾ, ಒಂದ್ ಮಾತು ಹೇಳ್ಬಾರ್ದಿತ್ತಾ?” ಎಂದಳು.

ಮಣ್ಣು ಹಾಕುವಾಗ ಶರತ್ಚಂದ್ರನ ಸರದಿಯೂ ಬಂತು. ಮೂರು ಹಿಡಿ ಹಾಕಿದ. ಮರುಳಪ್ಪನವರಿಗೆ ಕೂಗಿದ ಮೇಲೆ ಪುಸ್ತಕ ಮುಚ್ಚಿದೆ ಎಂದು ಹೇಳುವುದು ಮರೆತೇಹೋಗಿತ್ತು.

*

ಮನೆಗೆ ವಾಪಸು ಬಂದು, ಬಾಗಿಲಲ್ಲಿ ಕಾಲು ತೊಳೆದು, ಸ್ನಾನ ಮಾಡಿ, ಅಣ್ಣ ಕೂತಿದ್ದ ಜಾಗದಲ್ಲಿ ಹಚ್ಚಿಟ್ಟಿದ್ದ ದೀಪಕ್ಕೆ ಎಲ್ಲರೂ ಕೈಮುಗಿದರು. ಮಣ್ಣಿಗೆ ಬರಲಾಗದ ಒಬ್ಬ ನೆಂಟರ ಹೆಂಗಸು ಆಗತಾನೆ ಬಂದು ಶಾಂತಾದೇವಿಯ ಪಕ್ಕ ಕೂತು ಗುಣಗಾನ ಶುರು ಮಾಡಿದ್ದಳು. ಅದು ಬರುವ ಜಾಗಕ್ಕೆ ಬಂದೇ ಬಂತು: ಅದೊಂದು ಬಿಟ್ರೆ.

“ಅದೂ ಅಪ್ಪಂದಲ್ಲ ಅತ್ತೆ,” ಎಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೇಮಾಶ್ರೀ. “ಏನೂ ಬಿಡೋದು ಬೇಡ. ಪೂರ್ತಿ ಹೇಳಿ.”

ಶಾಂತಾದೇವಿ ತಲೆಯೆತ್ತಿ ಮಗಳನ್ನು ನೋಡಿದಳು. ಆಮೇಲೆ ಮೈದುನನನ್ನು ನೋಡಿದಳು. ಅವಳ ಕೈ ತಾನಾಗಿ ಬರಿಯ ಕೊರಳಿಗೆ ಹೋಯಿತು. ಶರತ್ಚಂದ್ರ ಅಲ್ಲಿ ನಿಲ್ಲಲಾರದೆ ಜಗುಲಿಗೆ ಬಂದ.

ಸ್ವಲ್ಪ ಹೊತ್ತಿಗೆ ಹೇಮಾಶ್ರೀ ಹೊರಗೆ ಬಂದಳು. ಕೈಯಲ್ಲಿ ಅಪ್ಪನ ಹಳೆಯ ಫೈಲಿತ್ತು.

“ಅಪ್ಪ ಸಿಬಿಲ್ ಪ್ರಿಂಟು ನನಗೆ ತೋರ್ಸಿದ್ರು,” ಎಂದಳು. “ಎಂಟು ತಿಂಗಳು ಸರಿಯಾಗಿ ಕಟ್ಟಿ ಆಮೇಲೆ ಯಾಕಪ್ಪ ನಿಲ್ಸಿದ್ರಿ ಅಂತ ಎಷ್ಟೋ ಸಲ ಕೇಳಿದೀನಿ. ನೆನಪಿಲ್ಲ ಅಂತಿದ್ರು. ಹತ್ತು ವರ್ಷದ ಹಿಂದೆ ಯಾರ ಕೊಬ್ಬರಿ ಎಷ್ಟು ತೂಗ್ತು ಅಂತ ಹೇಳೋರು, ಅದು ಮಾತ್ರ ನೆನಪಿಲ್ಲ ಅಂತಿದ್ರು.”

ಶರತ್ಚಂದ್ರ ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ. ಅವಳು ಬಯ್ದಿದ್ದರೆ ಅವನಿಗೆ ಉಸಿರಾಡಲು ಅನುಕೂಲವಾಗುತ್ತಿತ್ತು. ಅವಳು ಬಯ್ಯಲಿಲ್ಲ. ಫೈಲಿನಿಂದ ಒಂದು ರಟ್ಟು ತೆಗೆದಳು. ಯಾರದೋ ಮದುವೆ ಕರೆಯೋಲೆಯ ಹಿಂಬದಿ. ಅದರ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದು ಹನ್ನೆರಡು ಮನೆ ಮಾಡಿತ್ತು. ಮೇಲೆ ಇಂದುಧರನ ದುಂಡು ಅಕ್ಷರದಲ್ಲಿ ‘ಫ್ರಿಜ್ಜು’ ಎಂದು ಬರೆದಿತ್ತು. ಕಂತು ಕಟ್ಟಿದ ಪ್ರತಿ ಮನೆಯಲ್ಲೂ ನಾಲ್ಕನೇ ತಾರೀಕು, ಅದರ ಕೆಳಗೆ ಅವನ ಸಹಿ. ರಟ್ಟಿಗೆ ಕ್ಲಿಪ್ ಹಾಕಿದ್ದ ಕವರಿನಲ್ಲಿ ಈ ತಿಂಗಳ ದುಡ್ಡನ್ನೂ ಆಗಲೇ ಎಣಿಸಿ ಇಟ್ಟಿದ್ದ.

“ಇವತ್ತು ನಾಲ್ಕು,” ಎಂದಳು ಹೇಮಾಶ್ರೀ. “ಅಪ್ಪ ಐದರ ತನಕ ಬಿಡ್ತಿರ್ಲಿಲ್ಲ.”

ಕವರನ್ನು ಕ್ಲಿಪ್ಪಿನಿಂದ ಬಿಡಿಸಿ ತಾನಿಟ್ಟುಕೊಂಡಳು. ಬರೀ ರಟ್ಟನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು.

ಅಣ್ಣ ಫ್ರಿಜ್ಜು ಕೊಂಡಿದ್ದ ಬಿ.ಎಚ್. ರಸ್ತೆಯ ಅಂಗಡಿ ಅರ್ಧ ಬಾಗಿಲು ಎಳೆಯುವ ಹೊತ್ತಿಗೆ ಶರತ್ಚಂದ್ರ ಒದ್ದೆ ತಲೆಯಲ್ಲೇ ಹೋಗಿ ಕಂತಿನ ಕೌಂಟರಿನ ಮುಂದೆ ನಿಂತ. ಗಾಜಿನ ಹಿಂದೆ ಕೂತಿದ್ದ ಸಿಂಧು ಎಂಬ ಹುಡುಗಿ ರಟ್ಟನ್ನು ನೋಡಿದವಳೇ ನಕ್ಕಳು. ಊರಿಗೆಲ್ಲ ಮೊಬೈಲಲ್ಲಿ ಕಟ್ಟುವಾಗ, ರಸೀದಿಯ ಜೊತೆ ಸ್ವಂತದ ರಟ್ಟನ್ನೂ ತರುವ ಗಿರಾಕಿ ಅವಳಿಗೆ ಒಬ್ಬನೇ ಇದ್ದ.

“ಬೆಳಿಗ್ಗೆಯಿಂದ ನೋಡ್ತಿದ್ದೆ,” ಎಂದಳು. “ಅಂಕಲ್ ಬರ್ಲಿಲ್ವಾ ಇವತ್ತು?”

“ಅವ್ನು ತೀರ್ಕೊಂಡ. ಇನ್ಮೇಲೆ ನಾನು ಕಟ್ತೀನಿ.”

ಅವಳ ನಗು ಹಾಗೇ ಮುಖದ ಮೇಲೆ ಉಳಿದುಹೋಯಿತು. ದುಡ್ಡು ಎಣಿಸಿಕೊಂಡು, ರಸೀದಿ ಹರಿದು, ರಟ್ಟನ್ನೂ ಒಂದು ಪೆನ್ನನ್ನೂ ಗಾಜಿನ ಕೆಳಗಿನಿಂದ ತಳ್ಳಿದಳು. ಅಂಕಲ್ ಇಲ್ಲೇ ನಿಂತು ಬರೀತಿದ್ರು ಎಂದಳು.

ಎಂಟು ಮನೆಗಳಲ್ಲಿ ಅಣ್ಣನ ಸಹಿ ಇತ್ತು. ಶರತ್ಚಂದ್ರ ಒಂಬತ್ತನೆಯ ಮನೆಯ ಮೇಲೆ ಪೆನ್ನು ಊರಿದ. ತಾರೀಕು ಹಾಕಿ, ತನ್ನ ಹೆಸರನ್ನು ಪೂರ್ತಿ ಬರೆದ. ಸ್ನಾನ ಮಾಡಿದರೂ ಉಗುರಿನ ಸಂದಿಯಲ್ಲಿ ಉಳಿದುಕೊಂಡಿದ್ದ ವಿಭೂತಿ, ರಟ್ಟು ಹಿಡಿದಿದ್ದ ಜಾಗದಲ್ಲಿ ಬೆಳ್ಳಗೆ ಅಂಟಿಕೊಂಡಿತ್ತು. ಅದರ ಮುಂದೆ ಇನ್ನೂ ಮೂರು ಮನೆ ಖಾಲಿ ಇದ್ದವು.